ಹನ್ನೊಂದು ಡ್ರಾಯರಿನ ಪೆಟ್ಟಿಗೆ

ಅಂದು ಮಧ್ಯಾಹ್ನ ನಮ್ಮ ಗುಮಾಸ್ತರು ಊಟಕ್ಕೆ ಮಾತ್ರ ಬಾಯಿ ತೆರೆದಿದ್ದರೆ ಒಂದಿಡೀ ಬೀದಿ ನೆಮ್ಮದಿಯಿಂದ ಇರುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ವಿಮಾ ಕಚೇರಿಯಲ್ಲಿ ಕುಳಿತು ಅವರಿವರ ಅರ್ಜಿಗಳಲ್ಲಿ ತಪ್ಪು ಹುಡುಕಿದ ಮನುಷ್ಯ ಅವರು. ಗೊತ್ತಿರುವ ವಿಷಯವಾದರೆ ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ಗೊತ್ತಿಲ್ಲದ ವಿಷಯಕ್ಕೆ ಅರ್ಧ ಗಂಟೆಯಾದರೂ ಬೇಕಿತ್ತು.

ಊಟಕ್ಕೆ ಬಂದಿದ್ದವರು ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ. ಊರಿನ ಆ ತುದಿಯಲ್ಲಿ ಅವರ ಮನೆ. ಅತ್ತಿಗೆಯ ಗಂಡನಿಗೆ ಮನೆತನದಲ್ಲೆಲ್ಲ ಸ್ಪ್ಯಾನರ್ ಭಾವ ಎಂದೇ ಹೆಸರು. ಹೊಟ್ಟೆಪಾಡಿಗೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಈ ಮನುಷ್ಯ ಮನೆಗೆ ಬಂದೊಡನೆ ಮೆಕ್ಯಾನಿಕ್ ಆಗಿಬಿಡುತ್ತಿದ್ದರು. ಕೆಟ್ಟ ವಸ್ತುಗಳನ್ನು ರಿಪೇರಿ ಮಾಡುತ್ತಿದ್ದರು. ಕೆಡದ ವಸ್ತುಗಳನ್ನು, ಯಾಕೆ ಕೆಟ್ಟಿಲ್ಲ ಎಂದು ಬಿಚ್ಚಿ ನೋಡುತ್ತಿದ್ದರು. ಮನೆಯ ಪಕ್ಕಕ್ಕೆ ತಗಡಿನದೊಂದು ಶೆಡ್ ಕಟ್ಟಿಕೊಂಡಿದ್ದರು. ಅದು ತುಂಬಿ, ಈಗ ಸಾಮಾನುಗಳು ಮನೆಯೊಳಕ್ಕೆ ನುಗ್ಗಿದ್ದವು.

"ಚಮಚ ಇಡೋ ಕಡೆ ಸ್ಪ್ಯಾನರು ಕಣೇ," ಎಂದು ಅತ್ತಿಗೆ ತಂಗಿಯ ಹತ್ತಿರ ಗೋಳು ಹೇಳಿಕೊಂಡರು. "ನಿನ್ನೆ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದ್ರೆ ಸುತ್ತಿಗೆ ಸಿಕ್ತು. ಏನ್ರೀ ಇದು ಅಂದ್ರೆ, 'ಅಲ್ಲಿದ್ರೆ ತುಕ್ಕು ಹಿಡಿಯಲ್ಲ' ಅಂತಾರೆ. ಹದಿನಾಲ್ಕನೇ ತಾರೀಖಿಗೆ ಅವರಿಗೆ ಐವತ್ತು ತುಂಬುತ್ತೆ. ಡ್ರಾಯರು ಗೀಯರು ಇರೋ ಟೂಲ್ ಚೆಸ್ಟ್ ಒಂದು ಕೊಡ್ಸಿಬಿಡೋಣ ಅಂತ. ಆದ್ರೆ ನನಗೆ ಅದರ ತಲೆಬುಡ ಗೊತ್ತಿಲ್ಲ."

ಗುಮಾಸ್ತರು ತುತ್ತನ್ನು ತಟ್ಟೆಗೆ ವಾಪಸು ಇಟ್ಟರು.

"ಟೂಲ್ ಚೆಸ್ಟ್ ಅಂದ್ರೆ ಹುಡುಗಾಟ ಅಲ್ಲ ಅತ್ತಿಗೆ. ಮೊದಲು ಗೇಜ್ ನೋಡ್ಬೇಕು."

'ಗೇಜ್' ಎಂಬ ಪದವನ್ನು ಅವರು ಹಿಂದಿನ ದಿನವಷ್ಟೇ ಬಸ್ಸಿನ ಬೆನ್ನ ಮೇಲಿನ ಜಾಹೀರಾತಿನಲ್ಲಿ ಓದಿದ್ದರು. ಬಲ್ಬು ಬದಲಿಸಲು ಪಕ್ಕದ ಮನೆಯವರನ್ನು ಕರೆಯುವ ಗಂಡನ ಮುಖವನ್ನು ಹೆಂಡತಿ ಒಮ್ಮೆ ನೋಡಿ, ಸಾರಿನ ಪಾತ್ರೆಯನ್ನು ಒಳಗಿಟ್ಟು ಬಂದರು.

"ನಿಮಗೆ ಅದೆಲ್ಲ ತಿಳಿಯುತ್ತಾ? ಬದುಕಿದೆ!" ಎಂದರು ಅತ್ತಿಗೆ. "ಎಲ್ಲಾ ನಿಮಗೇ ಬಿಟ್ಟೆ. ಆದ್ರೆ ಹದಿನಾಲ್ಕರವರೆಗೆ ಗುಟ್ಟಾಗಿರ್ಬೇಕು. ನನಗೂ ಏನೂ ಹೇಳ್ಬೇಡಿ. ನನ್ನ ಬಾಯಲ್ಲಿ ಮಾತು ನಿಲ್ಲಲ್ಲ."

ಮರುದಿನ ಗುಮಾಸ್ತರು ಹಾರ್ಡ್‌ವೇರ್ ಅಂಗಡಿಗೆ ಹೋದರು. ಅಂಗಡಿಯವನು ಮೊಳೆ ತೂಗುತ್ತಿದ್ದ.

"ಟೂಲ್ ಚೆಸ್ಟ್ ತೋರ್ಸಪ್ಪ. ಗೇಜ್ ಚೆನ್ನಾಗಿರ್ಬೇಕು."

"ಎಷ್ಟು ಗೇಜಿಂದು ಸಾರ್?"

"ಇರೋದ್ರಲ್ಲಿ ದೊಡ್ಡದು."

ಅಂಗಡಿಯವನು ತಕ್ಕಡಿ ಕೆಳಗಿಟ್ಟ. "ಗೇಜ್ ನಂಬರು ದೊಡ್ಡದಾದಷ್ಟೂ ತಗಡು ತೆಳ್ಳಗಾಗುತ್ತೆ ಸಾರ್. ದೊಡ್ಡ ನಂಬರೇ ಬೇಕು ಅಂದ್ರೆ ಬಿಸ್ಕತ್ತಿನ ಡಬ್ಬ ಇದೆ, ಕೊಡ್ಲಾ?"

"ನಿನಗೆ ಗೊತ್ತಿದೆಯೋ ಇಲ್ವೋ ಅಂತ ನೋಡ್ದೆ," ಎಂದು ಗುಮಾಸ್ತರು ಕನ್ನಡಕ ಒರೆಸಿಕೊಂಡರು.

ಅಂಗಡಿಯವನು ಪಾಪ, ವ್ಯಾಪಾರದಲ್ಲಿ ಪ್ರಾಮಾಣಿಕ. ಕೈಯಲ್ಲಿ ಹಿಡಿದೊಯ್ಯುವ ಪೆಟ್ಟಿಗೆ ತೋರಿಸಿದ. ಐದು ಡ್ರಾಯರಿನದು ತೋರಿಸಿ, ಮನೆ ಕೆಲಸಕ್ಕೆ ಇದು ಧಾರಾಳವಾಯಿತು ಎಂದ. ಡ್ರಾಯರು ಬಾಲ್ ಬೇರಿಂಗಿನ ಮೇಲೆ ಓಡಬೇಕೋ ಬರೀ ಪಟ್ಟಿ ಸಾಕೋ ಎಂದು ಕೇಳಿದ. ಕೊನೆಗೆ, "ಅವರ ಹತ್ರ ಇರೋದ್ರಲ್ಲೆಲ್ಲಾ ಉದ್ದನೇ ಟೂಲ್ ಯಾವುದು ಸಾರ್?" ಎಂದ.

ಗುಮಾಸ್ತರು ಬಹಳ ಯೋಚಿಸಿ, "ಏಣಿ," ಎಂದರು.

ಅಂಗಡಿಯವನು ಕ್ಷಣ ಕಣ್ಣು ಮುಚ್ಚಿಕೊಂಡ. ಆ ಹೊತ್ತಿನಲ್ಲಿ ಗುಮಾಸ್ತರ ದೃಷ್ಟಿ ಮೂಲೆಯಲ್ಲಿ ನಿಂತಿದ್ದ ಕೆಂಪು ಪೆಟ್ಟಿಗೆಯ ಮೇಲೆ ಬಿತ್ತು. ಎದೆಯೆತ್ತರ, ನಲವತ್ತೆಂಟು ಇಂಚು ಅಗಲ, ಹನ್ನೊಂದು ಡ್ರಾಯರು, ಕೆಳಗೆ ನಾಲ್ಕು ಚಕ್ರ. ಮದುವೆ ಮನೆಯಲ್ಲಿ ಗಂಡಿನ ಚಿಕ್ಕಪ್ಪ ನಿಂತ ಹಾಗೆ ನಿಂತಿತ್ತು.

"ಇದೇ."

"ಇದು ಗ್ಯಾರೇಜಿನವರು ಕೊಳ್ಳೋದು ಸಾರ್. ಇಡೋ ಜಾಗದ ಅಳತೆ ತಂದಿದೀರಾ? ಗೇಟು ಎಷ್ಟಿದೆ? ಬೀದೀಲಿ ಗಾಡಿ ಬರುತ್ತಾ? ಅಳತೆ ಇಲ್ದೆ ಪೆಟ್ಟಿಗೆ ಕೊಳ್ಳೋದು, ತಲೆ ಮನೇಲಿಟ್ಟು ಬಂದು ಟೋಪಿ ಕೊಂಡ ಹಾಗೆ."

ತಲೆಯನ್ನು ಮನೆಯಲ್ಲಿಟ್ಟು ಬರುವುದು ಗುಮಾಸ್ತರಿಗೆ ಹೊಸದೇನಲ್ಲ. ಆದರೂ ಮಾತು ನಾಟಿತು. ಬುಧವಾರ ರಜೆ ಹಾಕಿ, ಬಿಸಿಲಿಗೊಂದು ಟೋಪಿ ಹಾಕಿ, ಕಚೇರಿಯ ಫೈಲು, ಟೇಪು ಹಿಡಿದು, ಭಾವ ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೋದ ಹೊತ್ತು ನೋಡಿ ಅವರ ಬೀದಿಗೆ ಹೋದರು. ಅವಸರದಲ್ಲಿ ಎಡಗಾಲಿಗೆ ಕಂದು ಚಪ್ಪಲಿ, ಬಲಗಾಲಿಗೆ ಕಪ್ಪು ಚಪ್ಪಲಿ ಮೆಟ್ಟಿದ್ದರು. ಆ ಬೀದಿಗೆ ಅವರು ವರ್ಷಕ್ಕೊಮ್ಮೆ ಆಟೋದಲ್ಲಿ ಬಂದು ಹೋಗುವವರಾದ್ದರಿಂದ ಗುರುತಿನವರು ಯಾರೂ ಇರಲಿಲ್ಲ.

ಶೆಡ್ ಅಳೆದರು, ಗೇಟು ಅಳೆದರು, ಗಾಡಿ ಬರಬೇಕಲ್ಲ ಎಂದು ಬೀದಿಯನ್ನೂ ಅಳೆಯತೊಡಗಿದರು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರು ಪತ್ರಿಕೆ ಮಡಿಸಿ ಹೊರಗೆ ಬಂದರು.

"ಏನ್ರೀ ಅದು, ಅಳತೆ?"

ಗುಮಾಸ್ತರಿಗೆ ಗುಟ್ಟು ನೆನಪಾಯಿತು. "ಹೇಳೋ ಹಾಗಿಲ್ಲ ಸಾರ್. ಹದಿನಾಲ್ಕರವರೆಗೆ ಬಾಯಿಬಿಡಬಾರದು ಅಂತ ಆರ್ಡರ್ ಆಗಿದೆ."

"ಯಾರ ಆರ್ಡರು?"

ಅತ್ತಿಗೆ ಎನ್ನುವಂತಿಲ್ಲ. "ಮೇಲಿನವರದು."

"ಹದಿನಾಲ್ಕಕ್ಕೆ ಏನಾಗುತ್ತೆ?"

"ಗಾಡಿ ಬರುತ್ತೆ." ಗುಮಾಸ್ತರು ಬಗ್ಗಿ ಟೇಪು ಎಳೆದರು. "ಈ ಮೆಟ್ಟಿಲು ನಿಮ್ಮದಾ? ಎರಡಡಿ ಬೀದಿಗೆ ಬಂದ್ಬಿಟ್ಟಿದೆಯಲ್ಲ... ಇರ್ಲಿ ಬಿಡಿ, ಅವತ್ತು ಆಳುಗಳು ಇರ್ತಾರೆ. ಎತ್ತಿ ಆ ಕಡೆ ಇಡ್ತಾರೆ."

ಅವರು ಹೇಳಿದ್ದು ಪೆಟ್ಟಿಗೆಯನ್ನು. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಹೆಡ್‌ಮಾಸ್ತರಿಗೆ ತಮ್ಮ ಕಾಲ ಕೆಳಗಿನ ಮೆಟ್ಟಿಲೇ ಅಲುಗಿದಂತಾಯಿತು.

ಸಂಜೆಯೊಳಗೆ ಸುದ್ದಿ ಬೀದಿಯ ಹನ್ನೊಂದು ಮನೆಗೂ ಮುಟ್ಟಿತು: ರಸ್ತೆ ಅಗಲ ಮಾಡುತ್ತಾರೆ. ಮೊದಲ ಮನೆಯಲ್ಲಿ ಟೇಪು ಹಿಡಿದ ಒಬ್ಬ ಮನುಷ್ಯನಿದ್ದ. ಐದನೆಯ ಮನೆಗೆ ಬರುವಷ್ಟರಲ್ಲಿ ಅವನಿಗೆ ಮೂರು ಕಾಲಿನ ದುರ್ಬೀನು ಬಂದಿತ್ತು. ಹನ್ನೊಂದನೆಯ ಮನೆಯಲ್ಲಿ ಎರಡು ಜೀಪು ನಿಂತಿದ್ದವು. ಆ ಬೀದಿಯ ಒಬ್ಬರಿಗಾದರೂ ಈ ಮಾತು ಸುಳ್ಳಿರಬಹುದು ಎನ್ನಿಸಲಿಲ್ಲ. ಯಾಕೆಂದರೆ ತಾನು ಎಷ್ಟಡಿ ನುಂಗಿದ್ದೇನೆ ಎಂಬುದು ಪ್ರತಿಯೊಬ್ಬನಿಗೂ ಇಂಚು ಸಮೇತ ಗೊತ್ತಿತ್ತು. ಪಾಪಪ್ರಜ್ಞೆ ಇರುವ ಕಡೆ ಸರ್ಕಾರ ನೋಟಿಸು ಕಳಿಸಬೇಕಿಲ್ಲ.

ಮೂಲೆ ಮನೆಯ ವಕೀಲರು, ಕಾಂಪೌಂಡು ಗೋಡೆಯನ್ನು ಮೂರಡಿ ಮುಂದೆ ಕಟ್ಟಿದ್ದವರು, ಬೀದಿಯ ನಡುವೆ ನಿಂತು ಗುಡುಗಿದರು: "ನೋಟಿಸ್ ಇಲ್ದೆ ನನ್ನ ಒಂದು ಇಟ್ಟಿಗೆ ಮುಟ್ಲಿ ನೋಡೋಣ!" ಮರುದಿನ ಬೆಳಿಗ್ಗೆ ಅವರ ಗೋಡೆಯ ಮೇಲೆ ನಾಲ್ವರು ಹಾರೆ ಹಿಡಿದು ನಿಂತಿದ್ದರು.

"ಏನ್ ವಕೀಲ್ರೇ, ಒಡೆಸ್ತಿದೀರಾ?" ಎಂದರು ಹೆಡ್‌ಮಾಸ್ತರು.

"ಒಡೆಸೋದೇನಿಲ್ಲ ಸಾರ್. ಹಿಂದಕ್ಕೆ ಸರಿಸ್ತಿದೀನಿ."

ಕಾನೂನು ಓದಿದವನೇ ಸರಿದ ಮೇಲೆ ಓದದವರು ನಿಲ್ಲುತ್ತಾರೆಯೇ?

ಇತ್ತ ಗುಮಾಸ್ತರು ಫೈಲು ಬಿಚ್ಚಿದರೆ, 'ಶೆಡ್ 84' ಎಂದಿತ್ತು. ಎಂಬತ್ತನಾಲ್ಕು ಇಂಚೋ ಸೆಂಟಿಮೀಟರೋ ಬರೆದಿರಲಿಲ್ಲ. ಶುಕ್ರವಾರ ಮತ್ತೆ ಅರ್ಧ ದಿನ ರಜೆ ಹಾಕಿ, ಭಾವ ಅತ್ತಿಗೆ ಇಲ್ಲದ ಹೊತ್ತಿಗೇ ಹೋದರು. ಈ ಸಲ ಬೀದಿಯ ತುದಿಯಲ್ಲೇ ಅವರಿಗೆ ಕುರ್ಚಿ ಹಾಕಿದರು. ಕಾಫಿ ಬಂತು. ಒಬ್ಬರು ಬಿಸಿಲಿಗೆ ಕೊಡೆ ಹಿಡಿದರು. ತಮ್ಮ ಸಲಕರಣೆ ಜ್ಞಾನದ ಕೀರ್ತಿ ಇಷ್ಟು ದೂರ ಹಬ್ಬಿದೆಯಲ್ಲ ಎಂದು ಗುಮಾಸ್ತರಿಗೆ ಕಣ್ಣಂಚಿನಲ್ಲಿ ನೀರು ಬಂತು.

"ನಮ್ಮನ್ನ ಸ್ವಲ್ಪ ನೋಡ್ಕೊಳ್ಳಿ ಸಾರ್," ಎಂದರು ವಕೀಲರು ದನಿ ತಗ್ಗಿಸಿ. "ಎಷ್ಟು ಜಾಗ ಬಿಟ್ರೆ ಸರಿಹೋಗುತ್ತೆ?"

"ಮುಂದುಗಡೆ ಮೂರಡಿ ಬಿಟ್ರೆ ಸಾಕು. ಇಲ್ದಿದ್ರೆ ಹೊರಗೆ ಎಳೆಯೋವಾಗ ಅಡ್ಡ ಬರುತ್ತೆ."

"ಹೊರಗೆ ಎಳೀತಾರಾ?"

"ಮತ್ತೆ! ಹನ್ನೊಂದನ್ನೂ ಎಳೀತಾರೆ."

ಹನ್ನೊಂದು ಮನೆಗಳ ಆ ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಡಿಯ ಹಲಗೆಯನ್ನು ಬೀದಿಗೆ ಚಾಚಿದ್ದ ದರ್ಜಿ ಕೈ ಜೋಡಿಸಿಕೊಂಡು ಮುಂದೆ ಬಂದ.

"ಪ್ರೀತಿಯಿಂದ ಒಂದು ಶರ್ಟು ಹೊಲಿದು ಕೊಡ್ತೀನಿ ಸಾರ್. ಚೆಸ್ಟ್ ಎಷ್ಟು?"

ಗುಮಾಸ್ತರ ತಲೆಯಲ್ಲಿ ಇದ್ದದ್ದು ಒಂದೇ. "ಚೆಸ್ಟ್ ನಲವತ್ತೆಂಟು," ಎಂದರು. "ಸ್ಟೀಲಿಂದು."

ಎದುರಿಗೆ ನಿಂತ ಮೂವತ್ತೆರಡು ಇಂಚಿನ ಎದೆಯನ್ನು ದರ್ಜಿ ಮೇಲಿಂದ ಕೆಳಗೆ ನೋಡಿದ. ಶರ್ಟು ಇವನಿಗಲ್ಲ, ಇವನ ಹಿಂದಿರುವ ದೊಡ್ಡವರಿಗೆ ಎಂದು ಅರ್ಥವಾಯಿತು. ಉಕ್ಕಿನ ಎದೆಯ ಮೇಲಧಿಕಾರಿ! ಅವನು ಅಂದೇ ಹಲಗೆ ಕಿತ್ತ.

ಸೋಮವಾರ ಹೆಡ್‌ಮಾಸ್ತರು ಪುರಸಭೆಗೆ ಹೋಗಿ ಎಂಜಿನಿಯರನ್ನು ಕೇಳಿದರು. ಎಂಜಿನಿಯರರು ಕಪಾಟು ತೆಗೆಸಿದರು. ಫೈಲಿಲ್ಲ. 'ಅಂಥದ್ದೇನೂ ಇಲ್ಲ' ಎಂದು ಹೇಳಿ ಕಳಿಸುವುದೇ ಎಂದು ಯೋಚಿಸಿದರು. ಆದರೆ ತಮಗೆ ತಿಳಿಸದೆ ಮೇಲಿನವರೇ ನೇರವಾಗಿ ಶುರು ಮಾಡಿದ್ದರೆ? ಇಲ್ಲ ಎಂದ ತಪ್ಪಿಗೆ ವರ್ಗಾವಣೆ ಆದರೆ? ಅವರು ಗಂಭೀರವಾಗಿ, "ಕ್ರಮ ಪ್ರಗತಿಯಲ್ಲಿದೆ," ಎಂದರು. ಹೆಡ್‌ಮಾಸ್ತರು ಅತ್ತ ಹೋದದ್ದೇ ತಡ, ಇಲ್ಲದ ಫೈಲಿಗೆ ಹೊಸ ರಟ್ಟು ಹಾಕಿಸಿ ನಂಬರು ಬರೆದರು.

ಮಂಗಳವಾರ ಸಂಜೆ ಸ್ಪ್ಯಾನರ್ ಭಾವ ಗುಮಾಸ್ತರ ಮನೆಗೆ ಬಂದರು. ಯಾವಾಗಲೂ ಬಂದೊಡನೆ ಫ್ಯಾನಿನ ಸದ್ದು ಆಲಿಸುವ ಮನುಷ್ಯ, ಅಂದು ತಲೆ ಎತ್ತಲಿಲ್ಲ.

"ನನ್ನ ಶೆಡ್ ಹೋಗುತ್ತಂತೆ," ಎಂದರು. "ರಸ್ತೆ ಅಗಲ ಮಾಡೋಕೆ ಯಾರೋ ಬಂದು ಅಳೆದು ಹೋದ್ನಂತೆ. ಶೆಡ್ ಒಂದೂವರೆ ಅಡಿ ಆಚೆ ಇದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನೋಡಿ, ಇಡೀ ದಿನ ಯಾರ್ಯಾರದೋ ಕಾಗದ ಯಾರ್ಯಾರಿಗೋ ವಿಂಗಡಿಸಿ ಬರ್ತೀನಿ. ನಂದು ಅಂತ ಇರೋದು ಅದೊಂದೇ ಜಾಗ. ನೀವು ಕಚೇರಿ ಕಂಡವರು. ಏನು ಮಾಡೋದು ಹೇಳಿ."

ಗುಮಾಸ್ತರ ಕರುಳು ಚುರಕ್ ಎಂದಿತು. ಮಿದುಳು ಮಾತ್ರ ಮಿಸುಕಲಿಲ್ಲ. "ಅಳತೆ ಮಾಡೋಕೆ ಬಂದಿದ್ನಲ್ಲ, ಅವನನ್ನ ಹಿಡೀಬೇಕು ಭಾವ. ಅಂಥವನನ್ನ ಸುಮ್ನೆ ಬಿಡಬಾರದು. ಅರ್ಜಿ ಬರೀರಿ."

"ಬರೆದು ತಂದಿದೀವಿ."

ಅರ್ಜಿಯನ್ನು ಹೆಡ್‌ಮಾಸ್ತರೇ ಬರೆದಿದ್ದರು. ಅಳತೆಗೆ ಬಂದವನ ವರ್ಣನೆ ಹೀಗಿತ್ತು: 'ಸೀಕಲು ಮೈ, ಬಾಗಿದ ಬೆನ್ನು, ಪೆಚ್ಚು ಮುಖ, ಏನನ್ನೂ ಪೂರ್ತಿ ಅರ್ಥ ಮಾಡಿಕೊಳ್ಳದ ನೋಟ.' ಈ ವರ್ಣನೆ ಎಷ್ಟು ನಿಜವಾಗಿತ್ತೆಂದರೆ ಗುಮಾಸ್ತರಿಗೆ ತಮ್ಮ ಗುರುತೇ ಹತ್ತಲಿಲ್ಲ. "ಎಂಥೆಂಥವರನ್ನ ಕೆಲಸಕ್ಕೆ ಇಟ್ಕೋತಾರೋ!" ಎಂದು ಹಲುಬುತ್ತ, ಮೇಲುಗಡೆ ಜಾಗ ಹುಡುಕಿ ದೊಡ್ಡದಾಗಿ ಸಹಿ ಮಾಡಿದರು.

ಭಾವ ಮುಖ ತೊಳೆಯಲು ಒಳಗೆ ಹೋದಾಗ ಹೆಂಡತಿ ಅರ್ಜಿಯನ್ನು ಕೈಗೆತ್ತಿಕೊಂಡು ಕೊನೆಯ ಸಾಲನ್ನು ಓದಿದರು: 'ಎಡಗಾಲಲ್ಲಿ ಕಂದು, ಬಲಗಾಲಲ್ಲಿ ಕಪ್ಪು ಚಪ್ಪಲಿ.' ಬಾಗಿಲ ಹತ್ತಿರ ಹೋಗಿ ಚಪ್ಪಲಿಗಳನ್ನು ನೋಡಿ ಬಂದರು.

"ರೀ, ಹಿಡೀಬೇಕು ಅಂದ್ರಲ್ಲ, ಹಿಡೀಲಾ?"

ವಿಷಯ ತಲೆಗೆ ಹೋಗಲು ಗುಮಾಸ್ತರಿಗೆ ಎರಡು ನಿಮಿಷ ಹಿಡಿಯಿತು.

"ಈಗ್ಲೇ ಹೇಳ್ಬಿಡಿ," ಎಂದರು ಹೆಂಡತಿ ಪಿಸುದನಿಯಲ್ಲಿ.

"ಹೇಗೆ ಹೇಳ್ಲಿ? ಗುಟ್ಟು ಕಣೇ! ಅತ್ತಿಗೆಗೆ ಮಾತು ಕೊಟ್ಟಿದೀನಿ. ಇನ್ನು ಎರಡೇ ದಿನ. ಪೆಟ್ಟಿಗೆ ಬಂದ್ರೆ ಎಲ್ಲಾ ತಾನಾಗೇ ತಿಳಿಯುತ್ತೆ."

ಭಾವ ಹೊರಟಾಗ ಗುಮಾಸ್ತರು ಗೇಟಿನವರೆಗೆ ಹೋಗಿ ಅವರ ಕೈ ಹಿಡಿದುಕೊಂಡರು. "ಶೆಡ್ ಮುಟ್ಟಬೇಡಿ ಭಾವ. ನನ್ನ ಮಾತು ಕೇಳಿ."

"ಯಾಕೆ? ಏನಾದ್ರೂ ಗೊತ್ತಾ ನಿಮಗೆ?"

"ಗೊತ್ತು. ಆದ್ರೆ ಹೇಳೋ ಹಾಗಿಲ್ಲ."

ಕಚೇರಿ ಕಂಡ ಮನುಷ್ಯ, ಗೇಟಿನವರೆಗೆ ಬಂದು ಹೇಳುವಂತಿಲ್ಲ ಎನ್ನುತ್ತಾನೆ. ಅಂದಮೇಲೆ ಶೆಡ್ಡಿನ ಜೊತೆ ಮನೆಯೂ ಹೋಗುತ್ತದೆ ಎಂದೇ ಭಾವನಿಗೆ ಖಾತ್ರಿಯಾಯಿತು. ಕಂಡವರ ಕೈಯಲ್ಲಿ ಒಡೆಸಿಕೊಳ್ಳುವುದಕ್ಕಿಂತ ತಾನೇ ಬಿಚ್ಚುವುದು ಮರ್ಯಾದೆ ಎಂದುಕೊಂಡು, ಬುಧವಾರ ರಜೆ ಹಾಕಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಬೋಲ್ಟು ಬಿಚ್ಚಿ ಶೆಡ್ಡನ್ನು ಇಳಿಸಿದರು. ಅದರೊಳಗಿದ್ದದ್ದೆಲ್ಲ ಮನೆಯೊಳಕ್ಕೆ ಬಂತು. ಸಂಜೆ ಕೆಲಸದಿಂದ ಬಂದ ಅತ್ತಿಗೆ ತಮ್ಮದೇ ಮನೆಯೊಳಗೆ ಅಡ್ಡಡ್ಡ ನಡೆದು ಅಡಿಗೆಮನೆ ಸೇರಬೇಕಾಯಿತು.

ಹದಿನಾಲ್ಕು ಬಂತು. ಬೆಳಿಗ್ಗೆ ಹತ್ತಕ್ಕೆ ಇಡೀ ಬೀದಿ ಅರ್ಜಿ ಹಿಡಿದು ನಿಂತಿತ್ತು. ಎಂಜಿನಿಯರರೂ ಹೊಸ ಫೈಲಿನೊಂದಿಗೆ ಜೀಪಿನಲ್ಲಿ ಬಂದರು. ಮೇಲಿನವರು ಯಾರು ಎಂದು ಅವರಿಗೂ ತಿಳಿಯಬೇಕಿತ್ತು. ಅಷ್ಟರಲ್ಲಿ ತಾಡಪಾಲು ಹೊದಿಸಿದ ಲಾರಿಯೊಂದು ತಿರುವಿನಲ್ಲಿ ಕಾಣಿಸಿತು. ಅದರ ಮುಂದೆ, ಟೋಪಿ ಹಾಕಿ, ಟೇಪು ಹಿಡಿದು, ಹಿಮ್ಮುಖವಾಗಿ ನಡೆಯುತ್ತ, "ಬರ್ಲಿ, ಬರ್ಲಿ," ಎನ್ನುತ್ತ ನಮ್ಮ ಗುಮಾಸ್ತರು.

"ಅವನೇ!" ಎಂದು ದರ್ಜಿ ಕಿರುಚಿದ.

"ಇವರಾ?" ಎಂದರು ಸ್ಪ್ಯಾನರ್ ಭಾವ. "ಇವರು ನನ್ನ ಷಡ್ಡಕ."

ಎಲ್ಲರೂ ಭಾವನ ಕಡೆ ತಿರುಗಿದರು. ತನ್ನ ಷಡ್ಡಕನನ್ನೇ ಕಳಿಸಿ ಬೀದಿ ಒಡೆಸಿದ ಮಹಾಶಯ! ಅದು ಕೈಕೈ ಮಿಲಾಯಿಸುವ ಹಂತಕ್ಕೆ ಬರುವಷ್ಟರಲ್ಲಿ ಆಳುಗಳು ತಾಡಪಾಲು ಎಳೆದರು. ಕೆಂಪು ಪೆಟ್ಟಿಗೆ ಬಿಸಿಲಿಗೆ ಥಳಥಳ ಹೊಳೆಯಿತು. ಮುಂದುಗಡೆ ಗುಲಾಬಿ ಬಣ್ಣದ ರಿಬ್ಬನ್ನು.

"ಹುಟ್ಟುಹಬ್ಬದ ಶುಭಾಶಯ ಭಾವ," ಎಂದರು ಗುಮಾಸ್ತರು. "ಚೆಸ್ಟು. ನಲವತ್ತೆಂಟು ಇಂಚು. ಹನ್ನೊಂದು ಡ್ರಾಯರು, ಎಲ್ಲಾ ಹೊರಗೆ ಎಳೆಯೋದು."

ಅರ್ಜಿ ಹಿಡಿದ ಕೈಗಳು ಒಂದೊಂದಾಗಿ ಕೆಳಗಿಳಿದವು.

"ಪೆಟ್ಟಿಗೆ," ಎಂದರು ವಕೀಲರು. "ಒಂದು ಪೆಟ್ಟಿಗೆಗೋಸ್ಕರ ನಾನು ನನ್ನ ಗೋಡೆ..."

"ಸರಿಸಿದ್ರಿ," ಎಂದರು ಹೆಡ್‌ಮಾಸ್ತರು. ಅವರ ಮನೆಗೆ ಈಗ ಮೆಟ್ಟಿಲಿರಲಿಲ್ಲ. ಒಂದು ವಾರದಿಂದ ಸ್ಟೂಲಿನ ಮೇಲೆ ಇಳಿಯುತ್ತಿದ್ದರು. "ನಾಳೇನೇ ಕಟ್ಟಿಸ್ತೀನಿ! ಮೊದಲಿಗಿಂತ ಒಂದಡಿ ಮುಂದೆ!"

"ಯಾರೂ ಏನೂ ಕಟ್ಟೋ ಹಾಗಿಲ್ಲ," ಎಂದು ಎಂಜಿನಿಯರರು ಫೈಲು ತೆರೆದರು. "'ಸಾರ್ವಜನಿಕರು ಸ್ವಯಂಪ್ರೇರಣೆಯಿಂದ ಒತ್ತುವರಿ ತೆರವು ಮಾಡಿದ್ದಾರೆ' ಅಂತ ನಿನ್ನೆಯೇ ವರದಿ ಕಳಿಸಿದೀನಿ. ಮೇಲಿಂದ ಶಹಬ್ಬಾಸ್ ಬಂದಿದೆ. ಇನ್ನು ಒಂದು ಕಲ್ಲು ಮುಂದೆ ಬಂದ್ರೂ ಕೇಸು."

ಮೇಲೆ ಯಾರೂ ಇಲ್ಲದಿದ್ದಾಗ ಶುರುವಾದ ಕೆಲಸಕ್ಕೆ ಮೇಲಿಂದ ಶಹಬ್ಬಾಸ್ ಬಂದಿತ್ತು. ಎಂಜಿನಿಯರರು ಗುಮಾಸ್ತರ ಹೆಗಲ ಮೇಲೆ ಕೈ ಹಾಕಿ ಜೀಪಿನ ಮರೆಗೆ ಕರೆದೊಯ್ದರು.

"ಹಿಂದಿನ ಬೀದಿ ಹನ್ನೆರಡು ವರ್ಷದಿಂದ ಕೋರ್ಟಲ್ಲಿದೆ ಸಾರ್. ಬಿಡುವಾದಾಗ ಒಂದ್ಸಲ ಟೇಪು ಹಿಡ್ಕೊಂಡು ಅಡ್ಡಾಡಿ ಬನ್ನಿ. ಮಾತಾಡೋದೇನೂ ಬೇಡ. ಹೇಳೋ ಹಾಗಿಲ್ಲ ಅಂದ್ರೆ ಸಾಕು."

ಗುಮಾಸ್ತರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಲಾರಿಯ ಹಿಂದೆ ಆಟೋದಲ್ಲಿ ಬಂದಿದ್ದ ಹೆಂಡತಿ ತೋಳು ಹಿಡಿದು ಎಳೆದೊಯ್ದರು.

ಪೆಟ್ಟಿಗೆ ಇಡಲು ಶೆಡ್ಡಿರಲಿಲ್ಲ. ಮನೆಯ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಬಾಗಿಲನ್ನು ಮಾತ್ರ ಗುಮಾಸ್ತರು ಅಳೆದಿರಲಿಲ್ಲ. ಆದರೆ ಸ್ಪ್ಯಾನರ್ ಭಾವ ಬೇಸರಪಡಲಿಲ್ಲ. ಅಂಗಳದಲ್ಲೇ ನಿಂತ ಪೆಟ್ಟಿಗೆಯ ಮೊದಲ ಡ್ರಾಯರನ್ನು ಒಂದೇ ಬೆರಳಿನಿಂದ ಎಳೆದರು. ಅದು ಬೆಣ್ಣೆಯ ಮೇಲೆ ಜಾರಿದಂತೆ ಬಂತು. ತಳ್ಳಿದರು. ಹೋಯಿತು. ಅವರ ಮುಖ ಅರಳಿದ್ದನ್ನು ಕಂಡು ಅತ್ತಿಗೆಗೂ ಕೋಪ ಇಳಿಯಿತು. ಬೀದಿಯವರು ಆ ಮನೆಯ ಜೊತೆ ಮಾತು ಬಿಟ್ಟರು. ರೇಡಿಯೋ ಕೆಟ್ಟಾಗ ಮಾತ್ರ ಬಂದು, ಮಾತಾಡದೆ ಮುಂದಿಟ್ಟು ಹೋಗುತ್ತಿದ್ದರು.

ಒಂದು ವಾರವಾದ ಮೇಲೆ ಭಾನುವಾರ ಗುಮಾಸ್ತರ ಮನೆಯ ಫೋನು ಸದ್ದು ಮಾಡಿತು. ಹೆಂಡತಿ ಎತ್ತಿದರು. ಅತ್ತಿಗೆಯ ದನಿ ಪತ್ರಿಕೆ ಓದುತ್ತಿದ್ದ ಗುಮಾಸ್ತರಿಗೂ ಕೇಳಿಸುವಷ್ಟು ಏರಿತ್ತು.

"ಬಿಚ್ಚಿ ಹಾಕಿದಾರೆ ಕಣೇ! ಆ ಡ್ರಾಯರು ಅಷ್ಟು ನುಣ್ಣಗೆ ಹೇಗೆ ಓಡುತ್ತೆ ಅಂತ ನೋಡ್ಬೇಕಂತೆ. ಇಡೀ ಪೆಟ್ಟಿಗೆ ನಡುಮನೇಲಿ ಹರಡಿದೆ. ಹೊರಗಿದ್ದಾಗ ಬಾಗಿಲಲ್ಲಿ ಹಿಡಿಸ್ಲಿಲ್ಲ, ಈಗ ಪೀಸ್ ಪೀಸಾಗಿ ಪೂರ್ತಿ ಒಳಗೆ ಬಂದಿದೆ. ಹಾಸಿಗೆ ಕೊಡವಿದ್ರೆ ಬೇರಿಂಗ್ ಗುಂಡು ಉರುಳುತ್ತೆ. ಇದನ್ನೆಲ್ಲ ತುಂಬಿಡೋಕೆ ಇನ್ನೊಂದು ಪೆಟ್ಟಿಗೆ ಬೇಕು. ನಿಮ್ಮನೆಯವರನ್ನ ಕೇಳು, ಎಂಥದ್ದು ತಗೊಳ್ಳೋದು ಅಂತ."

ಗುಮಾಸ್ತರು ಪತ್ರಿಕೆ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಒಮ್ಮೆ ಕೆಮ್ಮಿದರು. ಹೆಂಡತಿ ಗಂಡನನ್ನೇ ದಿಟ್ಟಿಸುತ್ತ ಫೋನಿಗೆ ಹೇಳಿದರು:

"ಅವರು ಊರಲ್ಲಿಲ್ಲ ಅಕ್ಕ."

"ಯಾವಾಗ ಬರ್ತಾರೆ?"

"ನೀನು ಪೆಟ್ಟಿಗೆ ಕೊಂಡ ಮೇಲೆ."